ಮಣ್ಣಿನ ತಿರುವಿನಲ್ಲಿ ಮುಂದಿನ ಚಕ್ರ ಜಾರುವುದು ನಿಂತಿದ್ದು ಹೀಗೆ

ಸಕಲೇಶಪುರದ ಕಡೆ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಹೀರೋ ಎಕ್ಸ್‌ಪಲ್ಸ್ ಬೈಕ್ ಓಡಿಸುವಾಗ ಒಂದು ಕಾಟ ಇತ್ತು. ಸಪಾಟಾದ ತಿರುವು ಬಂದರೆ ಸಾಕು, ಮುಂದಿನ ಚಕ್ರ ಹೊರಗೆ ಜಾರುತ್ತಿತ್ತು. ಟೈರಿನ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದೆ. ಸ್ವಲ್ಪ ಹಿಡಿತ ಬಂತು, ಅಷ್ಟೇ. ಇನ್ನೂ ಜಾಸ್ತಿ ಇಳಿಸಿದರೆ ಕಲ್ಲಿಗೆ ಟ್ಯೂಬ್ ಸಿಕ್ಕಿ ಪಂಕ್ಚರ್ ಆಗುವ ಭಯ.

ಪೂರ್ತಿ ಸರಿಹೋಗಿದ್ದು ಕೂರುವ ರೀತಿ ಬದಲಾದ ಮೇಲೆ. ಟಾರ್ ರಸ್ತೆಯಲ್ಲಿ ನಾವು ಬೈಕಿನ ಜೊತೆಗೇ ವಾಲುತ್ತೇವೆ, ಅಲ್ವಾ? ಮಣ್ಣಿನಲ್ಲಿ ಬೈಕ್ ವಾಲಬೇಕು, ಮೈ ನೆಟ್ಟಗಿರಬೇಕು. ಈಗ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ಟ್ಯಾಂಕಿನ ಹತ್ತಿರಕ್ಕೆ ಜರುಗಿ ಕೂರುತ್ತೇನೆ. ಮುಂದಿನ ಚಕ್ರದ ಮೇಲೆ ಭಾರ ಬೀಳುತ್ತದೆ. ಎಡಕ್ಕೆ ತಿರುಗುವಾಗ ಸೀಟಿನ ಬಲ ಅಂಚಿನ ಮೇಲೆ ಕೂತು, ಬಲ ಮೊಣಕೈ ಮೇಲೆತ್ತಿ, ಬಲಗಾಲಿನಿಂದ ಫುಟ್‌ಪೆಗ್ (ಕಾಲಿಡುವ ಕಂಬಿ) ಜೋರಾಗಿ ತುಳಿಯುತ್ತೇನೆ. ಆ ತುಳಿತಕ್ಕೆ ಟೈರಿನ ಅಂಚಿನ ಉಬ್ಬುಗಳು ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ನನ್ನ ಪ್ರಕಾರ ನಿಜವಾದ ಗುಟ್ಟು ಇದೇ. ಎಡಗಾಲು ಮುಂದಿನ ಚಕ್ರದ ಕಡೆಗೆ ಚಾಚಿರಬೇಕು. ಹಿಂದೆ ಬಿಟ್ಟರೆ ನೆಲಕ್ಕೆ ಸಿಕ್ಕಿ ಮಂಡಿ ತಿರುಚಬಹುದು.

ಕಣ್ಣು ತಿರುವಿನ ಆಚೆ ತುದಿಯ ಮೇಲಿರಲಿ. ಆಕ್ಸಿಲರೇಟರ್ ಸಣ್ಣಗೆ ಕೊಡುತ್ತಾ ಹೋಗಿ. ಗಟ್ಟಿ ಬೂಟು, ಮಂಡಿಗೆ ಹಾಕುವ ಗಾರ್ಡ್ ಇಲ್ಲದೆ ಮಾತ್ರ ಅಭ್ಯಾಸಕ್ಕೆ ಇಳಿಯಬೇಡಿ.