ನನ್ನ ಫೋನಿನ ಫರ್ಮ್‌ವೇರ್ ದಾಖಲೆ

ದೇಶದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಮೊದಲ ಸುತ್ತಿನ ನಗರಗಳಲ್ಲಿ ಬೆಂಗಳೂರೂ ಇತ್ತು. ನನ್ನ ಫೋನಿನ ಡಬ್ಬಿಯ ಮೇಲೆ 5ಜಿ ಎಂದು ಅಚ್ಚಾಗಿದ್ದರೂ ಬನಶಂಕರಿಯ ನಮ್ಮ ಮನೆಯಲ್ಲಿ ಅದು 4ಜಿಯನ್ನೇ ತೋರಿಸುತ್ತಿತ್ತು. ಕೆಲವು ವಾರಗಳ ನಂತರ ಒಂದು ಅಪ್‌ಡೇಟ್ ಬಂದು, ಫೋನ್ ರೀಸ್ಟಾರ್ಟ್ ಆದ ಮೇಲೆ 5ಜಿ ಸಿಗತೊಡಗಿತು. ಬದಲಾದದ್ದೇನೆಂದು ‘ಅಬೌಟ್ ಫೋನ್’ ತೆರೆದು ನೋಡಿದರೆ ಆಂಡ್ರಾಯ್ಡ್ ಆವೃತ್ತಿ ಹಿಂದಿನದೇ ಇತ್ತು. ಉಳಿದ ಸಾಲುಗಳು ಮೊದಲು ಹೇಗಿದ್ದವೆಂದು ನಾನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅಂದಿನಿಂದಲೇ ಬರೆದಿಡಲು ಆರಂಭಿಸಿದೆ.

ಫೋನಿನ ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಒಂದೇ ವಸ್ತುವಲ್ಲ, ಒಂದೊಂದೂ ತನ್ನದೇ ವೇಗದಲ್ಲಿ ಬದಲಾಗುವ ಹಲವು ಭಾಗಗಳ ಕಟ್ಟು ಎಂಬುದು ಎರಡು ಮೂರು ತಿಂಗಳಲ್ಲೇ ಸ್ಪಷ್ಟವಾಯಿತು. ಆದ್ದರಿಂದ ಬಿಲ್ಡ್ ನಂಬರ್ (ಇಡೀ ಕಟ್ಟಿನ ಗುರುತು), ಸೆಕ್ಯುರಿಟಿ ಪ್ಯಾಚ್ (ಭದ್ರತಾ ತಿದ್ದುಪಡಿ) ದಿನಾಂಕ, ಬೇಸ್‌ಬ್ಯಾಂಡ್ (ಮೊಬೈಲ್ ಸಿಗ್ನಲ್ ನೋಡಿಕೊಳ್ಳುವ ಭಾಗ), ಕರ್ನೆಲ್ (ವ್ಯವಸ್ಥೆಯ ತಿರುಳು) ಮತ್ತು ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಇವಿಷ್ಟಕ್ಕೂ ಬೇರೆ ಬೇರೆ ಕಾಲಂ ಇಟ್ಟೆ. ಆಂಡ್ರಾಯ್ಡ್ 10ರಿಂದ ಬಂದ ಈ ಕೊನೆಯದು ಬಿಲ್ಡ್ ನಂಬರನ್ನು ಮುಟ್ಟದೆ ತಾನಾಗಿಯೇ ಬದಲಾಗಬಲ್ಲದು. ಅದನ್ನು ಗಮನಿಸದೆ ಒಮ್ಮೆ ನಾನು ಇಡೀ ಒಂದು ವಾರ ತಪ್ಪು ಜಾಗದಲ್ಲಿ ಕಾರಣ ಹುಡುಕಿದ್ದೇನೆ. ಪ್ಯಾಚ್ ದಿನಾಂಕವನ್ನೂ ಎಚ್ಚರದಿಂದ ಓದಬೇಕು. ಅದು ಫೋನಿಗೆ ಅಪ್‌ಡೇಟ್ ಬಂದ ದಿನವಲ್ಲ. ಗೂಗಲ್ 2015ರಿಂದ ಹೊರಡಿಸುತ್ತ ಬಂದಿರುವ ಮಾಸಿಕ ಭದ್ರತಾ ಪ್ರಕಟಣೆಗಳಲ್ಲಿ ಯಾವುದರವರೆಗಿನ ತಿದ್ದುಪಡಿಗಳು ಸೇರಿವೆ ಎಂಬುದರ ಗುರುತು. ಆ ದಿನಾಂಕ ತಿಂಗಳ 1 ಆಗಿದ್ದರೆ ಆಂಡ್ರಾಯ್ಡ್‌ನ ಮೂಲಭಾಗದ ತಿದ್ದುಪಡಿಗಳು ಮಾತ್ರ ಖಾತ್ರಿ. 5 ಆಗಿದ್ದರೆ ಕರ್ನೆಲ್ ಮತ್ತು ಚಿಪ್ ತಯಾರಕರ ಭಾಗಗಳವೂ ಸೇರಿವೆ ಎಂದರ್ಥ. ಹೀಗಾಗಿ ಫೋನಿಗೆ ಅಪ್‌ಡೇಟ್ ಹಾಕಿದ ದಿನವನ್ನು ನಾನು ಪ್ರತ್ಯೇಕವಾಗಿಯೇ ಬರೆಯುತ್ತೇನೆ.

ಕೈಬರಹದಲ್ಲಿ ಒಂದಕ್ಷರ ತಪ್ಪಿದರೂ ದಾಖಲೆ ಕೆಟ್ಟಂತೆಯೇ. ಅದಕ್ಕಾಗಿ ಬಿಲ್ಡ್ ನಂಬರಿನ ಮೇಲೆ ಏಳು ಬಾರಿ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡಿ, ಲ್ಯಾಪ್‌ಟಾಪಿಗೆ ಕೇಬಲ್ ಜೋಡಿಸಿ, ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನದ ಮೂಲಕ, ಫೋನಿನ ವಿವರಗಳನ್ನೆಲ್ಲ ಪಟ್ಟಿಮಾಡುವ ‘ಗೆಟ್‌ಪ್ರಾಪ್’ ಆಜ್ಞೆಯ ಪೂರ್ತಿ ಉತ್ತರವನ್ನು ದಿನಾಂಕದ ಹೆಸರಿನ ಕಡತದಲ್ಲಿ ಉಳಿಸತೊಡಗಿದೆ. ನೂರಾರು ಸಾಲುಗಳ ಅಂಥ ಎರಡು ಕಡತಗಳನ್ನು ನೇರವಾಗಿ ಹೋಲಿಸಿದರೆ ಬೇಡದ ವ್ಯತ್ಯಾಸಗಳೇ ತುಂಬಿಕೊಳ್ಳುತ್ತವೆ. ‘ಆರ್‌ಒ’ ಎಂದು ಆರಂಭವಾಗುವ ಸಾಲುಗಳು ಒಮ್ಮೆ ನಿಗದಿಯಾದರೆ ಮುಂದಿನ ರೀಸ್ಟಾರ್ಟ್‌ವರೆಗೆ ಬದಲಾಗುವುದಿಲ್ಲ, ಆದ್ದರಿಂದ ಅವನ್ನು ಮಾತ್ರ ಉಳಿಸಿಕೊಂಡೆ. ಅವುಗಳಲ್ಲಿಯೂ ಪ್ರತಿ ಬಾರಿ ಬೇರೆಯಾಗುವ ಬೂಟ್ (ಫೋನ್ ಆನ್ ಆಗುವ) ಸಮಯದ ಸಾಲುಗಳನ್ನು ತೆಗೆದು, ‘ಜಿಎಸ್‌ಎಂ’ ಎಂದು ಆರಂಭವಾಗುವ ಬೇಸ್‌ಬ್ಯಾಂಡ್ ಸಾಲನ್ನು ಸೇರಿಸಿದೆ. ಆಮೇಲೆ ಎರಡು ಕಡತಗಳ ವ್ಯತ್ಯಾಸ ಒಂದೇ ಪರದೆಯಲ್ಲಿ ಹಿಡಿಯುವಷ್ಟಾಯಿತು.

ಈ ಶ್ರಮ ಸಾರ್ಥಕವಾದದ್ದು ಮೆಟ್ರೋದಲ್ಲಿ. ನಾನು ದಿನವೂ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋಗಿಬರುತ್ತೇನೆ. ಒಂದು ಅಪ್‌ಡೇಟ್ ಆದ ಮರುದಿನ ಸಂಜೆ, ರೈಲು ಸುರಂಗದಿಂದ ಮೇಲೇರಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದರೂ ಫೋನಿಗೆ ಸಿಗ್ನಲ್ ಮರಳಲಿಲ್ಲ. ಏರೋಪ್ಲೇನ್ ಮೋಡ್ ಹಾಕಿ ತೆಗೆದ ಮೇಲಷ್ಟೇ ಬಂತು. ಮುಂದಿನ ದಿನಗಳಲ್ಲೂ ಅದೇ ಜಾಗ, ಅದೇ ತೊಂದರೆ. ಸರ್ವಿಸ್ ಸೆಂಟರಿನ ಹುಡುಗ, “ಸರ್, ಇದು ನೆಟ್‌ವರ್ಕ್ ಪ್ರಾಬ್ಲಂ, ಸಿಮ್ ಚೇಂಜ್ ಮಾಡಿ ನೋಡಿ” ಎಂದ. ನನ್ನ ಸಿಮ್ಮನ್ನು ತಂಗಿಯ ಫೋನಿಗೂ ಅವಳದನ್ನು ನನ್ನ ಫೋನಿಗೂ ಹಾಕಿ ಅದೇ ದಾರಿಯಲ್ಲಿ ನಾಲ್ಕು ದಿನ ಓಡಾಡಿದೆ. ತೊಂದರೆ ಸಿಮ್ಮಿನ ಜೊತೆ ಹೋಗಲಿಲ್ಲ, ನನ್ನ ಫೋನಿನಲ್ಲಿಯೇ ಉಳಿಯಿತು. ಕಡತಗಳನ್ನು ಹೋಲಿಸಿದಾಗ, ಅದರ ಹಿಂದಿನ ಎರಡು ಅಪ್‌ಡೇಟ್‌ಗಳಲ್ಲಿ ಬಿಲ್ಡ್ ನಂಬರ್ ಬದಲಾಗಿದ್ದರೂ ಬೇಸ್‌ಬ್ಯಾಂಡ್ ಹಾಗೆಯೇ ಇದ್ದದ್ದೂ, ಈ ಬಾರಿ ಮಾತ್ರ ಅದು ಬದಲಾಗಿದ್ದದ್ದೂ ಕಂಡಿತು. ಇದರಿಂದ ಕಾರಣ ರುಜುವಾತಾಯಿತೆಂದು ನಾನು ಹೇಳಲಾರೆ. ಆದರೆ ಸರ್ವಿಸ್ ಸೆಂಟರಿನ ಮೇಜಿನ ಮೇಲೆ ಆ ಎರಡು ಸಾಲುಗಳ ಮುದ್ರಿತ ಪ್ರತಿಯನ್ನಿಟ್ಟಾಗ ಅವರು ಸಿಮ್ಮಿನ ಮಾತು ಬಿಟ್ಟು ದೂರು ದಾಖಲಿಸಿಕೊಂಡರು.

ಹಳೆಯ ಫರ್ಮ್‌ವೇರನ್ನೇ ಹಾಕಿಕೊಡಿ ಎಂದು ಕೇಳಿದೆ. ನನ್ನ ಫೋನಿನಲ್ಲಿ ಅದು ಆಗದು ಎಂದರು; ಹಿಂದಕ್ಕೆ ಹೋಗದಂತೆ ತಡೆಯುವ ಸಂಖ್ಯೆಯೊಂದು ಆ ಅಪ್‌ಡೇಟ್‌ನೊಂದಿಗೆ ಏರಿದ್ದು, ಅದಕ್ಕಿಂತ ಕೆಳಗಿನ ಸಂಖ್ಯೆಯ ಆವೃತ್ತಿಯನ್ನು, ಫೋನ್ ಆನ್ ಆಗುವಾಗ ವ್ಯವಸ್ಥೆಯನ್ನು ಚಾಲೂ ಮಾಡುವ ಬೂಟ್‌ಲೋಡರ್ ಒಪ್ಪುವುದಿಲ್ಲ. ಹಳೆಯ ಭದ್ರತಾ ದೋಷಗಳನ್ನು ಯಾರೂ ಮರಳಿ ತರಬಾರದೆಂಬ ಆ ಏರ್ಪಾಡು ಸರಿಯಾದದ್ದೇ ಎಂದು ನಾನೂ ಒಪ್ಪುತ್ತೇನೆ. ಅಂದಿನಿಂದ ಅಪ್‌ಡೇಟ್ ಹಾಕುವ ಮೊದಲೇ ಒಂದು ಕಡತ ತೆಗೆದಿಡುತ್ತೇನೆ, ಹಾಕಿದ ಮೇಲೆ ಇನ್ನೊಂದು.

ಮುಂದಿನ ಅಪ್‌ಡೇಟ್‌ಗಾಗಿ ಎರಡು ತಿಂಗಳು ಕಾಯಬೇಕಾಯಿತು. ಅದು ಬಂದ ರಾತ್ರಿ ಮೊದಲು ನೋಡಿದ್ದೇ ಬೇಸ್‌ಬ್ಯಾಂಡ್ ಸಾಲನ್ನು, ಬದಲಾಗಿತ್ತು. ಮರುದಿನ ಸಂಜೆ ರೈಲು ಸುರಂಗದಿಂದ ಹೊರಬಂದು ನ್ಯಾಷನಲ್ ಕಾಲೇಜು ತಲುಪುವಷ್ಟರಲ್ಲಿ ಸಿಗ್ನಲ್ ತಾನಾಗಿಯೇ ಮರಳಿತ್ತು.