ಮಳೆ ಅಳೆದು ಮಧ್ಯಾಂಕ ಕಲಿಸುವುದು

ಎಂಟನೇ ತರಗತಿಗೆ ದತ್ತಾಂಶಗಳ ನಿರ್ವಹಣೆ ಪಾಠವನ್ನು ನಾನು ಪುಸ್ತಕದ ಅಂಕಿಗಳಿಂದ ಶುರು ಮಾಡುವುದಿಲ್ಲ. ತೀರ್ಥಹಳ್ಳಿ ಸೀಮೆಯ ಮಕ್ಕಳಿಗೆ ಮಳೆಗಿಂತ ಹತ್ತಿರದ ದತ್ತಾಂಶ ಬೇರೆ ಬೇಕಿಲ್ಲ. ಆರಿದ್ರೆ ಹಿಡಿದ ದಿನ ಅಳೆಯಲು ಶುರು ಮಾಡಿ ಪುನರ್ವಸು ಮುಗಿಯುವವರೆಗೆ ಬರೆಸುತ್ತೇನೆ. ಒಂದೊಂದು ಮಳೆನಕ್ಷತ್ರಕ್ಕೆ 13-14 ದಿನ ಸಿಗುತ್ತದೆ, ಒಂದು ಪಟ್ಟಿಗೆ ಅಷ್ಟು ಸಾಕು.

ಮಾಪಕಕ್ಕೆ ಗೋಡೆ ನೇರವಾಗಿರುವ 2 ಲೀಟರಿನ ಬಾಟಲಿ. ಸೊಂಟ ಸಣ್ಣಗಿರುವುದು ಬೇಡ. ಭುಜದ ಬಳಿ ಕತ್ತರಿಸಿ, ಮುಚ್ಚಳ ತೆಗೆದ ತಲೆಭಾಗವನ್ನು ಬುಡಮೇಲಾಗಿ ಕೂರಿಸಬೇಕು. ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ನಾಲ್ಕು ಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ ಅಲ್ಲಿ 0 ಎಂದು ಗೀಟು ಎಳೆಯುವುದು. ಅಲ್ಲಿಂದ ಮೇಲೆ ಮಿ.ಮೀ. ಗುರುತು. ಬಾಯಿ, ಮೈ ಎರಡೂ ಒಂದೇ ಅಗಲವಾದ್ದರಿಂದ ನೀರು ಏರಿದ ಎತ್ತರವೇ ಮಳೆಯ ಅಳತೆ. ಸೂರಿನ ನೀರು, ಅಡಿಕೆ ಮರದ ಹನಿ ಬೀಳದ ಬಯಲಲ್ಲಿ ಇಡಿ. ಬೆಳಗ್ಗೆ 8.30ಕ್ಕೆ ಓದಿ, ಮತ್ತೆ 0ಗೆ ತನ್ನಿ. ಹವಾಮಾನ ಇಲಾಖೆ ಓದುವುದೂ ಅದೇ ಹೊತ್ತಿಗೆ.

ಕೆಡುವುದು ಸೋಮವಾರ. ಭಾನುವಾರ ಯಾರೂ ಓದದಿದ್ದರೆ ಬಾಟಲಿಯಲ್ಲಿ ಎರಡು ದಿನದ ನೀರಿರುತ್ತದೆ. ಅರ್ಧ ಮಾಡಿ ಪಟ್ಟಿಯ ಎರಡು ದಿನದ ಮನೆಗಳಿಗೆ ಹಂಚಲು ಬಿಡಬೇಡಿ, ಅದು ಅಳೆದ ಅಂಕಿಯಲ್ಲ. ‘2 ದಿನದ್ದು’ ಎಂದೇ ಬರೆಸಿ, ದಿನದ ಪಟ್ಟಿಗೆ ಸೇರಿಸಬೇಡಿ. ಮಳೆ ಬಾರದ ದಿನ 0, ಓದದ ದಿನ ಅಡ್ಡಗೆರೆ. ಈ ಎರಡರ ಭೇದ ತಿಳಿದರೆ ಅರ್ಧ ಪಾಠ ಆದಂತೆ.

ಲೆಕ್ಕಕ್ಕೆ ನಾನು ಇಟ್ಟುಕೊಂಡಿರುವ ಅಭ್ಯಾಸದ ಪಟ್ಟಿ ಇದು: 12, 7, 34, 0, 22, 96, 18, 7, 5, 38, 14. ಮೊತ್ತ 253, ಸರಾಸರಿ 23. ಸೊನ್ನೆಯನ್ನು ಬಿಟ್ಟು 10ರಿಂದ ಭಾಗಿಸಿದವರಿಗೆ 25.3 ಬರುತ್ತದೆ. ಏರಿಕೆ ಕ್ರಮಕ್ಕೆ ತಂದರೆ ನಟ್ಟನಡುವಿನ ಆರನೆಯದು 14, ಅದೇ ಮಧ್ಯಾಂಕ. ಕ್ರಮಕ್ಕೆ ತರದೆ ಆರನೆಯದನ್ನು ಹಿಡಿದರೆ 96! ಅಂಕಿಗಳನ್ನು ಬೇಕೆಂದೇ ಹೀಗೆ ಜೋಡಿಸಿದ್ದೇನೆ. ತಪ್ಪು ಕಣ್ಣಿಗೆ ಹೊಡೆಯಬೇಕು. ಹೆಚ್ಚು ಸಲ ಬಂದ ಅಂಕಿ, ಅಂದರೆ ರೂಢಿಬೆಲೆ, 7; ಅದಕ್ಕೆ ಹೆಚ್ಚು ಹೊತ್ತು ಬೇಡ.

ಈಗ ಮುಖ್ಯ ಪ್ರಶ್ನೆ ಕೇಳುತ್ತೇನೆ: 23ಕ್ಕಿಂತ ಹೆಚ್ಚು ಮಳೆ ಎಷ್ಟು ದಿನ? 11ರಲ್ಲಿ ಮೂರೇ. ಒಂದು ದಿನದ 96 ಸರಾಸರಿಯನ್ನು ಎತ್ತಿಬಿಟ್ಟಿದೆ. ಅದನ್ನು ತೆಗೆದರೆ 15.7. ಆ ದಿನ ಬಾಟಲಿ ತುಂಬಿ ಹರಿದು, ಎಷ್ಟೆಂದು ಗೊತ್ತಾಗದೇ ಹೋಗಿದ್ದರೆ? ಸರಾಸರಿ ಹಾಕಲಾಗದು, ಮಧ್ಯಾಂಕ ಮಾತ್ರ 14 ಆಗಿಯೇ ನಿಲ್ಲುತ್ತದೆ. ಮಲೆನಾಡಿನ ಮಳೆಗೆ ಮಧ್ಯಾಂಕ ಏಕೆ ಬೇಕು ಎನ್ನುವುದು ಮಕ್ಕಳಿಗೆ ಹಿಡಿಯುವುದು ಇಲ್ಲಿ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ. ದಾಟುತ್ತದೆ, ಶಿಕಾರಿಪುರದ್ದು ಅದರ ಹತ್ತಿರಕ್ಕೂ ಬರದು. ಶಿವಮೊಗ್ಗ ಜಿಲ್ಲೆಯ ಸರಾಸರಿ ಎಂದು ಒಂದೇ ಅಂಕಿ ಕೊಟ್ಟರೆ ಅದು ಎರಡು ಊರಿನ ಮಳೆಯೂ ಅಲ್ಲ.

ಯಾವ ಗುಂಪಿನಲ್ಲಿ ಎಷ್ಟು ದಿನ ಎಂದು ಎಣಿಸುವ ಆವೃತ್ತಿ ಪಟ್ಟಿಗೆ ವರ್ಗಾಂತರ 0-10, 10-20 ಹೀಗೆ. ಸರಿಯಾಗಿ 10 ಬಂದರೆ ಎರಡನೆಯದಕ್ಕೆ ಹೋಗುತ್ತದೆ, ಮೊದಲೇ ಹೇಳಿಬಿಡಿ. ತಾಳೆ ಗುರುತು ಹಾಕಿದರೆ 4, 3, 1, 2, ಕೊನೆಗೆ 90-100ರಲ್ಲಿ 1. ನಡುವಿನ ಐದು ವರ್ಗಗಳು ಖಾಲಿ. ಗ್ರಾಫ್ ಬರೆಯುವಾಗ ಮಕ್ಕಳು ಅವನ್ನು ನುಂಗಿ, 90-100ರ ಕಂಬವನ್ನು 30-40ಕ್ಕೆ ಒತ್ತಿ ಬರೆಯುತ್ತಾರೆ. ಗ್ರಾಫ್ ಹಾಳೆಯಲ್ಲಿ ವರ್ಗಕ್ಕೆ ಒಂದರಂತೆ ಐದು ಸೆಂ.ಮೀ. ಖಾಲಿ ಬಿಡಿಸಿಯೇ ಬರೆಸಿ.