ಇಂಗ್ಲೆಂಡಿನ ಮಕ್ಕಳಿಗೆ ರ ಗ ಸ ದ ಅ: ನನ್ನ ಅನುಭವ

ಇಂಗ್ಲೆಂಡಿನಲ್ಲಿ ಭಾನುವಾರದ ಕನ್ನಡ ಕ್ಲಾಸ್ ನಡೆಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಕ್ಲಾಸಿನಲ್ಲಿ ಅ ಆ ಇ ಈ ಕ್ರಮ ಬಿಟ್ಟು, ರ ಗ ಸ ದ ಅ ಎಂಬ ಐದು ಅಕ್ಷರಗಳಿಂದ ಓದು ಶುರು ಮಾಡಿಸುತ್ತೇನೆ. "ವರ್ಣಮಾಲೆ ಬರದೆ ಓದು ಹೇಗೆ ಬರುತ್ತೆ ಮೇಡಂ?" ಎಂದಿದ್ದ ಅಪ್ಪ ಅಮ್ಮಂದಿರೇ ಈಗ ಎರಡನೇ ಮಗುವನ್ನೂ ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಮೊದಲು ಊರಿಂದ ಕಾಪಿ ಪುಸ್ತಕ, ಚಾರ್ಟು ತರಿಸಿದೆ. ಪುಸ್ತಕಕ್ಕಿಂತ ಅಂಚೆ ಖರ್ಚೇ ಜಾಸ್ತಿ. ಹಾಲ್ ಬಾಡಿಗೆ ಗಂಟೆಗೆ ಸುಮಾರು 15 ಪೌಂಡ್. ಮಕ್ಕಳು ಅ ಆ ಇ ಈ ಹಾಡಿನ ಹಾಗೆ ಒಪ್ಪಿಸುತ್ತಿದ್ದರು. ನಡುವೆ ಒಂದಕ್ಷರ ತೋರಿಸಿದರೆ ಸುಮ್ನೆ ನಿಲ್ಲುತ್ತಿದ್ದರು. ಙ, ಞ ಮುಟ್ಟುವಷ್ಟರಲ್ಲಿ ಅರ್ಧ ಕ್ಲಾಸ್ ಫುಟ್‌ಬಾಲ್‌ಗೆ ಹೋಗಿತ್ತು.

ನಮ್ಮಕ್ಕ ನಲಿ-ಕಲಿ ಟೀಚರ್. ನಲಿ-ಕಲಿ ಅಂದರೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಆಟ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅವಳ ಕಾರ್ಡುಗಳು ರ ಗ ಸ ದ ಅ ಇಂದಲೇ ಶುರುವಾಗುವುದನ್ನು ನೋಡಿದಾಗ ಹೊಳೆಯಿತು. ಇಲ್ಲಿ ನಾಲ್ಕು ವರ್ಷಕ್ಕೆ ರಿಸೆಪ್ಷನ್, ಅಂದರೆ ಶಾಲೆಯ ಮೊದಲ ತರಗತಿ, ಸೇರುವ ಮಕ್ಕಳಿಗೂ ಓದು ಕಲಿಸುವುದು ಎ ಬಿ ಸಿ ಕ್ರಮದಲ್ಲಲ್ಲ. ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಮೊದಲು. ಬೇಗ ಪದ ಸಿಗಲಿ ಅಂತ. ನಮ್ಮ ಐದು ಅಕ್ಷರಕ್ಕೂ ಸರ, ರಸ, ಅರಸ, ಅಗಸ, ಗರಗಸ ಸಿಗುತ್ತವೆ. ಗರಗಸ ಓದಿದ ಹುಡುಗ ಕ್ಲಾಸ್ ಮುಗಿಯುವವರೆಗೂ ಕೈಯಲ್ಲೇ ಮೇಜು ಕೊಯ್ಯುತ್ತಿದ್ದ!

ತೊಡಕು ಬೇರೆ ಕಡೆ ಇತ್ತು. ಇಂಗ್ಲಿಷ್ ಅಕ್ಷರಗಳನ್ನು ಬರೀ ಸದ್ದಾಗಿ ಓದುವ ಶಾಲೆಯ ಅಭ್ಯಾಸದಿಂದ ಗ ನೋಡಿದರೆ 'ಗ್' ಅನ್ನುತ್ತಿದ್ದರು. ಸರ 'ಸ್ರ್' ಆಗುತ್ತಿತ್ತು. ಅಕ್ಷರಕ್ಕೊಂದು ಚಪ್ಪಾಳೆ ಹೊಡೆಸಿದೆ. ಒಂದೆರಡು ತಿಂಗಳಲ್ಲಿ ಸರಿಹೋಯಿತು.

ಮ್ಯೂನಿಕ್‌ನಲ್ಲಿರುವ ತಂಗಿ ಮಗನಿಗೆ ವಿಡಿಯೊ ಕಾಲ್‌ನಲ್ಲಿ ಇದನ್ನೇ ಹೇಳಿಕೊಟ್ಟೆ. ಜರ್ಮನಿಯಲ್ಲಿ ಒಂದನೇ ಕ್ಲಾಸು ಆರು ವರ್ಷಕ್ಕೆ. ಅಲ್ಲಿಯವರೆಗೆ ಕಿಂಡರ್‌ಗಾರ್ಟನ್‌ನಲ್ಲಿ ಆಟವೇ ಜಾಸ್ತಿ. ಅವನಿಗೆ 'ಗ್' ಕಾಟವೇ ಇರಲಿಲ್ಲ. ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಲು ಆಗಲಿಲ್ಲ.

ಇಲ್ಲಿ ಇಯರ್ ಒನ್, ಅಂದರೆ ರಿಸೆಪ್ಷನ್ ಆದ ಮೇಲಿನ ತರಗತಿಯ ಮಕ್ಕಳಿಗೆ, ಓದು ಬರುತ್ತದೋ ಇಲ್ಲವೋ ನೋಡಲು ಜೂನ್‌ನಲ್ಲಿ 40 ಪದ ಓದಿಸುತ್ತಾರಲ್ವಾ, ಅದರಲ್ಲಿ ಅರ್ಧ ಅರ್ಥವೇ ಇಲ್ಲದವು. ನಾನೂ ದಗಸ, ಗಸದ ಅಂತ ಕಾರ್ಡು ಮಾಡಿದೆ. ಊಹಿಸಿ ಓದುವವರು ತಕ್ಷಣ ಗೊತ್ತಾಗುತ್ತಾರೆ. ಇದನ್ನು ಮಾತ್ರ ಬಿಡಬೇಡಿ.

ಲ್ಯಾಮಿನೇಟರ್, ಹಾಳೆ, ಪ್ರಿಂಟ್ ಸೇರಿ 60 ಪೌಂಡ್ ಒಳಗೆ ಮುಗಿಯಿತು. ಮೂರನೇ ವರ್ಷವೂ ಅದೇ ಕಾರ್ಡು ಓಡುತ್ತಿದೆ. ಕಾಗುಣಿತಕ್ಕೆ ನಾನು ಕಟ್ಟಿದ ಆಟವನ್ನು ಇಲ್ಲಿ ಬರೆಯುವುದಿಲ್ಲ. ಕ್ಲಾಸಿಗೆ ಬಂದರೆ ತೋರಿಸುತ್ತೇನೆ. ಒತ್ತಕ್ಷರಕ್ಕೆ ನಿಮ್ಮ ಹತ್ತಿರ ಒಳ್ಳೆಯ ಉಪಾಯ ಇದ್ದರೆ ತನ್ನಿ, ಬದಲಿಗೆ ಈ ಕಾಗುಣಿತದ ಆಟ ಕೊಡುತ್ತೇನೆ.